ಅದು ಸರೋವರವಲ್ಲ, ಹಿನ್ನೀರು

ಶ್ರೀಮಂಗಲದ ನಮ್ಮ ಮನೆಗೆ ಬಂದ ಗೆಳೆಯರು ನಾಗರಹೊಳೆ ದಾಟಿ ಕಬಿನಿಗೆ ಹೋಗುತ್ತಾರೆ. ಇಡೀ ದಿನ ಮೋಟಾರು ದೋಣಿ, ಆನೆ, ನೀರುಕಾಗೆ. ಮರಳಿ ಬಂದು ‘ಎಂಥಾ ಸರೋವರ!’ ಎನ್ನುತ್ತಾರೆ.

ನನ್ನ ತಕರಾರು ಆ ಪದದ ಮೇಲೆ. ಅದು 1974ರಲ್ಲಿ ಬೀಚನಹಳ್ಳಿ ಬಳಿ ಮುಗಿದ ಅಣೆಕಟ್ಟಿನ ಹಿಂದೆ ನಿಂತ ನೀರು. ನೀರುಕಾಗೆ ಕೂತ ಬೋಳು ಕೊರಡು ಮುಳುಗಿದ ಕಾಡಿನದು. ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆಯ ಕಾಡು, ಊರುಗಳು, ಹಾಡಿಗಳು ಅದರಡಿ ಹೋದವು. ಮಾಸ್ತಿಯವರ ‘ಕಾಕನಕೋಟೆ’ ನಾಟಕ ಓದಿದ ನಾವೂ ಇದನ್ನು ಮರೆತು ಫೋಟೊ ಹಾಕುತ್ತೇವೆ.

ದೋಣಿ ಹತ್ತಬೇಡಿ ಎನ್ನುತ್ತಿಲ್ಲ. ನಾನೂ ಹತ್ತಿ ಖುಷಿಪಟ್ಟವನೇ. ಆದರೆ ‘ಹಿನ್ನೀರು’ ಎನ್ನಿ. ಆ ಪದದಲ್ಲಿ ಕಟ್ಟೆಯಿದೆ, ಒಕ್ಕಲೆದ್ದವರಿದ್ದಾರೆ. ‘ಸರೋವರ’ದಲ್ಲಿ ಯಾರೂ ಇಲ್ಲ.