ಬೀಳುವ ಮುನ್ನವೇ ನೋಡಬೇಕು

ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಮಂಡಿನೋವಿಗೆ ವ್ಯಾಯಾಮ ಮಾಡಿಸಿ ಹೊರಟುಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ. ಹಿರಿಯರು ಬೀಳುವ ಅಪಾಯ ಎಷ್ಟಿದೆ ಎಂಬುದನ್ನೂ ಅಳೆಯಬೇಕು. ಅದಕ್ಕೆ ದುಬಾರಿ ಯಂತ್ರವೇನೂ ಬೇಡ. ಕುರ್ಚಿಯಿಂದೆದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಅಪಾಯವಿದೆ ಎಂದೇ ಲೆಕ್ಕ. ತಿರುಗುವಾಗ ಕೈ ಗೋಡೆ ಹುಡುಕುತ್ತದೆಯೇ ಎಂಬುದನ್ನೂ ಗಮನಿಸಬೇಕು. ನಿದ್ದೆ ಮಾತ್ರೆ, ಕಣ್ಣಿನ ಪೊರೆ, ಎದ್ದು ನಿಂತೊಡನೆ ಇಳಿಯುವ ರಕ್ತದೊತ್ತಡ ಇವೂ ಕೆಡವುತ್ತವೆ. ಬಚ್ಚಲಿನ ಪಾಚಿ, ಎತ್ತರದ ಹೊಸಿಲು, ಸವೆದ ಹವಾಯಿ ಚಪ್ಪಲಿ ಆಸ್ಪತ್ರೆಯಲ್ಲಿ ಕಾಣುವುದಿಲ್ಲ, ಮನೆಯಲ್ಲಿ ಕಾಣುತ್ತವೆ. ‘ಈಚೆಗೆ ಎಲ್ಲಾದರೂ ಬಿದ್ದಿದ್ರಾ ಅಜ್ಜಿ?’ ಎಂದರೆ, ಮಕ್ಕಳು ಗಾಬರಿಯಾದಾರೆಂದು ಹಲವರು ಮುಚ್ಚಿಡುತ್ತಾರೆ. ಆ ಪ್ರಶ್ನೆಯನ್ನು ಮಕ್ಕಳು ಎದುರಿಗಿಲ್ಲದಾಗ, ಸಮಾಧಾನವಾಗಿ ಕೇಳಬೇಕು.