ಒಂದು ಜೀಪು, ಇಬ್ಬರು ಅಪರಿಚಿತರು, ಮತ್ತೆ ನಾನು ಹೇಳಿದ ಸುಳ್ಳು

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆಯ್ತು. ಆಫೀಸು, ರಿಲೀಸು, ಡೆಡ್‌ಲೈನು... ಅದೇ ಹಳೇ ನೆಪ ಬಿಡಿ :) ಮೊನ್ನೆ ಊರಿಗೆ ಹೋಗಿದ್ದೆ. ಕೊಡಗಿನ ಮಳೆ ಗೊತ್ತಲ್ಲ, ಕರೆಂಟು ಎರಡು ದಿನ ನಾಪತ್ತೆ. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ‘ರಾಮಾ ರಾಮಾ ರೇ’ ಇನ್ನೊಂದು ಸಲ ನೋಡಿದೆ. ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿರೋದನ್ನ ಇಲ್ಲಿ ಬರೆದು ಹಗುರಾಗೋಣ ಅಂತ ಕೂತಿದ್ದೀನಿ.

2016ರಲ್ಲಿ ಬಂದ ಸಿನಿಮಾ. ಡಿ. ಸತ್ಯಪ್ರಕಾಶ್ ನಿರ್ದೇಶಿಸಿದ ಮೊದಲ ಚಿತ್ರ. ಇದೇ ನಿರ್ದೇಶಕರ 2018ರ ‘ಒಂದಲ್ಲಾ ಎರಡಲ್ಲಾ’ಕ್ಕೆ ಆಮೇಲೆ ರಾಷ್ಟ್ರಪ್ರಶಸ್ತಿಯೂ ಬಂತು. ‘ರಾಮಾ ರಾಮಾ ರೇ’ ಕಥೆ ಒಂದೇ ಸಾಲಿನದ್ದು. ನೇಣು ಶಿಕ್ಷೆಯಾದ ಕೈದಿಯೊಬ್ಬ ಜೈಲಿನಿಂದ ತಪ್ಪಿಸಿಕೊಂಡು ಓಡಿ, ದಾರಿಯಲ್ಲಿ ಮುದುಕರೊಬ್ಬರ ಜೀಪು ಹತ್ತುತ್ತಾನೆ. ಆ ಮುದುಕರು ನೇಣು ಹಾಕುವವರು! ಕೈದಿಯಾಗಿ ನಟರಾಜ್, ಮುದುಕರಾಗಿ ಕೆ. ಜಯರಾಮ್. ದೊಡ್ಡ ಸ್ಟಾರಿಲ್ಲ, ಫಾರಿನ್ ಹಾಡಿಲ್ಲ. ಒಂದು ಜೀಪು, ಒಣಗಿದ ಬಯಲು, ಮುಗಿಯದ ರಸ್ತೆ. ದಾರಿಯಲ್ಲಿ ಮನೆ ಬಿಟ್ಟು ಓಡಿಬಂದ ಪ್ರೇಮಿಗಳೂ ಹತ್ತಿಕೊಳ್ಳುತ್ತಾರೆ. ಬೇಕಾದವರೆಲ್ಲ ಬೇಕಾದ ತಿರುವಿನಲ್ಲೇ ಸಿಗ್ತಾರಲ್ಲ ಅಂತ ನನಗೂ ಸ್ವಲ್ಪ ಕಿರಿಕಿರಿಯಾಯ್ತು. ಆದರೂ ಆ ಇಬ್ಬರ ಮುಖ ಬಿಟ್ಟು ಕಣ್ಣು ಕದಲಲಿಲ್ಲ.

ಈ ಸಿನಿಮಾದ ಮಾತು ಬಂದಾಗ ನನ್ನ ರೂಮ್‌ಮೇಟ್ ಅಂದಿದ್ದು ಇಷ್ಟೇ: “ದುಡ್ಡಿಲ್ಲ, ಅದಕ್ಕೇ ಒಂದು ಗಾಡಿಯಲ್ಲಿ ಸಿನಿಮಾ ಮುಗಿಸಿದ್ದಾರೆ.” ಅಲ್ಲ ಮಾರಾಯ! ಇರಾನಿನ ಕಿಯರೋಸ್ತಮಿ 1997ರಲ್ಲಿ ‘ಟೇಸ್ಟ್ ಆಫ್ ಚೆರ್ರಿ’ ಮಾಡಿದ್ದೂ ಹೀಗೇ. ಒಬ್ಬ ಕಾರು ಓಡಿಸುತ್ತಾನೆ, ಅಪರಿಚಿತರು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂತು ಇಳಿಯುತ್ತಾರೆ. ಕಾನ್‌ನಲ್ಲಿ ಅದಕ್ಕೆ ದೊಡ್ಡ ಪ್ರಶಸ್ತಿಯೇ ಬಂತು. ಗಾಡಿಯೊಳಗೆ ಕೂತವರಿಗೆ ಎದ್ದು ಹೋಗೋಕೆ ಜಾಗ ಇಲ್ಲ, ಒಬ್ಬರನ್ನೊಬ್ಬರು ನೋಡದೆಯೂ ಮಾತಾಡಬಹುದು. ಇಬ್ಬರ ಕಣ್ಣೂ ರಸ್ತೆಯ ಮೇಲಿರುತ್ತೆ. ಎದುರಾಬದುರು ಕೂತರೆ ಹೊರಬರದ ಮಾತು ಅಲ್ಲಿ ತಾನಾಗಿ ಬರುತ್ತೆ. ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ, ಒಳ್ಳೇ ಬರವಣಿಗೆ ಬೇಕು ಅಷ್ಟೇ.

ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಆ ಜೀಪಿನಲ್ಲಿ ‘ನೀನು ಯಾರು’ ಅನ್ನೋದು ತಡವಾಗಿ ಗೊತ್ತಾಗುತ್ತೆ. ಮೊದಲು ಮನುಷ್ಯ ಗೊತ್ತಾಗ್ತಾನೆ, ಆಮೇಲೆ ಗುರುತು. ನಮ್ಮಲ್ಲಿ ಇದು ಪೂರ್ತಿ ಉಲ್ಟಾ. ಕೊಡಗಿಗೆ ಇವತ್ತಿಗೂ ರೈಲಿಲ್ಲ. ಬಸ್ಸು ತಪ್ಪಿದರೆ ಸಿಕ್ಕಿದ ಜೀಪೋ ಪಿಕಪ್ಪೋ ಗತಿ. ಹತ್ತಿ ಕೂತ ಎರಡನೇ ನಿಮಿಷಕ್ಕೆ ಪ್ರಶ್ನೆ ಬಂದೇ ಬರುತ್ತೆ, “ಯಾವ ಊರು? ಯಾವ ಮನೆ?” ಮನೆ ಹೆಸರು ಹೇಳಿದರೆ ಮುಗೀತು. ಜಾತಿ, ತೋಟ, ಹಳೇ ಜಗಳ ಎಲ್ಲ ಗೊತ್ತಾಗಿ, ಉಳಿದ ದಾರಿಗೆ ಎಷ್ಟು ಮಾತಾಡಬೇಕು ಅನ್ನೋದೂ ಅಲ್ಲೇ ತೀರ್ಮಾನ.

2018ರ ಆಗಸ್ಟ್. ನಾನಾಗ ಇಂಜಿನಿಯರಿಂಗ್ ಓದ್ತಾ ಇದ್ದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದ ಸುದ್ದಿ ಟೀವಿಯಲ್ಲಿ. ಮನೆಯ ಫೋನು ಸಿಗ್ತಿಲ್ಲ. ಬಸ್ಸು ಕುಶಾಲನಗರದಲ್ಲಿ ನಿಂತುಬಿಡ್ತು. ಅಲ್ಲಿ ಒಬ್ಬರು ಪಿಕಪ್ ನಿಲ್ಲಿಸಿ “ಎಲ್ಲಿಗೆ? ಸುಂಟಿಕೊಪ್ಪನಾ? ಹತ್ತು ಹತ್ತು” ಅಂದರು. ಹಿಂದೆ ಅಕ್ಕಿ ಮೂಟೆ, ಕಂಬಳಿ. ಪರಿಹಾರ ಕೇಂದ್ರಕ್ಕೆ ಕೊಡೋಕೆ ಹೊರಟಿದ್ದರು. ಅರ್ಧ ಗಂಟೆಯ ದಾರಿಗೆ ಅವತ್ತು ಎರಡು ಗಂಟೆ ಬೇಕಾಯ್ತು. ಅವರ ತೋಟದ ಅರ್ಧ ಕಾಫಿ ಗಿಡ ಮಣ್ಣಿನ ಜೊತೆ ಹೋಗಿತ್ತಂತೆ, ಅದನ್ನ ಬೇರೆ ಯಾರದೋ ಸುದ್ದಿ ಹೇಳೋ ಹಾಗೆ ಹೇಳಿದರು. ನಾನು ಅಜ್ಜಿ ಬಗ್ಗೆ ಹೇಳ್ತಾ ಅತ್ತೇಬಿಟ್ಟೆ. ಅವರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಟವೆಲ್ ಕೊಟ್ಟರು.

ಆಮೇಲೆ ಅಭ್ಯಾಸಬಲದಿಂದ ನಾನೇ ಕೇಳಿದೆ, “ನಿಮ್ಮದು ಯಾವ ಮನೆ ಅಂಕಲ್?”

ಹೇಳಿದರು. ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯ್ತು. ನಮ್ಮ ಮನೆಗೂ ಅವರ ಮನೆಗೂ ಬೇಲಿ ಕೇಸು, ನಾನು ಹುಟ್ಟೋಕೆ ಮುಂಚಿನಿಂದ. ಮದುವೆ, ತಿಥಿ ಯಾವುದಕ್ಕೂ ಹೋಗಿಬರೋದಿಲ್ಲ. “ನಿಮ್ಮದು?” ಅಂತ ಅವರೂ ಕೇಳಿದರು. ನಾನು ಸುಳ್ಳು ಹೇಳಿದೆ. ಬೇರೆ ಊರಿನ, ಬೇರೆ ಮನೆಯ ಹೆಸರು. ಸುಂಟಿಕೊಪ್ಪದಲ್ಲಿ ಇಳಿದಾಗ ಸರಿಯಾಗಿ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅಜ್ಜಿ ಕ್ಷೇಮವಾಗಿದ್ದರು. ಆದರೆ ನನ್ನನ್ನು ಕರೆತಂದಿದ್ದು ಯಾರು ಅಂತ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ನಿಜ ಹೇಳಿದ್ದರೆ ಅವರು ಇಳಿಸಿಬಿಡುತ್ತಿದ್ದರಾ? ಖಂಡಿತ ಇಲ್ಲ ಅಂತ ಈಗ ಅನಿಸುತ್ತೆ. ಭಯ ಇದ್ದಿದ್ದು ನನಗೆ. ಅವರು ಒಳ್ಳೆಯವರು ಅಂತ ಒಪ್ಪಿಕೊಂಡರೆ ಮನೆಯಲ್ಲಿ ಕೇಳಿ ಬೆಳೆದ ಕಥೆಯೆಲ್ಲ ಏನಾಗಬೇಕು? ಹಗ್ಗ ಹಿಡಿಯೋ ಕೈಗೆ ಒಂದು ಮುಖ ಗೊತ್ತಾಗಿಬಿಟ್ಟರೆ ಏನಾಗುತ್ತೆ ಅನ್ನೋದು ತಾನೇ ಆ ಸಿನಿಮಾದ ಪ್ರಶ್ನೆಯೂ?

ಕನ್ನಡ ಸಿನಿಮಾದವರ ಮೇಲೆ ನನ್ನ ತಕರಾರು ಇರೋದು ಇಲ್ಲೇ. ನಮ್ಮೂರು ಅವರಿಗೆ ಬರೀ ಮಂಜು, ಮಳೆ, ಹಾಡು. 2006ರ ‘ಮುಂಗಾರು ಮಳೆ’ ನನಗೂ ಇಷ್ಟಾನೇ. ಹೀರೋ ಮಡಿಕೇರಿಗೆ ಬರ್ತಾನೆ, ಆದರೆ ಎಲ್ಲರ ನೆನಪಲ್ಲಿ ಉಳಿದ ಜಲಪಾತ ಶಿವಮೊಗ್ಗ ಜಿಲ್ಲೆಯ ಜೋಗ :) ಹಸಿರು ಸಿಕ್ಕರೆ ಸಾಕು, ಊರು ಯಾವುದಾದರೇನು ಅನ್ನೋ ಹಾಗೆ. ‘ರಾಮಾ ರಾಮಾ ರೇ’ಯಲ್ಲಿ ನೋಡೋಕೆ ಹಸಿರೂ ಇರಲಿಲ್ಲ, ಅದಕ್ಕೇ ಮನುಷ್ಯರನ್ನ ನೋಡಿದ್ವಿ. ನಮ್ಮ ರಸ್ತೆಯಲ್ಲೂ ಯಾರಾದರೂ ಒಂದು ಪಿಕಪ್, ಇಬ್ಬರು ನಟರನ್ನ ಇಟ್ಟುಕೊಂಡು ಬರಲಿ. ಕ್ಯಾಮೆರಾ ಕಿಟಕಿಯ ಹೊರಗೆ ತಿರುಗದಿದ್ದರೆ ಸಾಕು.

ನೀವೂ ಹೀಗೆ ಯಾರದೋ ಗಾಡಿ ಹತ್ತಿದ್ದರೆ ಹೇಳಿ. ಊರು, ಮನೆ ಹೆಸರು ಬೇಡ. ಏನು ಮಾತಾಡಿದಿರಿ ಅನ್ನೋದಷ್ಟೇ ಸಾಕು.