ವ್ಯೂಹವೂ ವರದಿಯೂ ಒಂದೇ ಪದವಿಯೆ?

ಕಳೆದ ಬೇಸಗೆಯಲ್ಲಿ ನಮ್ಮ ಮೊಮ್ಮಗಳು ಹನುಮಂತನಪಟ್ಟಿಯ ಮನೆಯ ಜಗಲಿಯ ಮೇಲೆ ಒಂದು ಪ್ರವೇಶ ಪುಸ್ತಿಕೆಯನ್ನು ನಮ್ಮ ಕೈಗಿತ್ತು, "ತಾತ, ಇದನ್ನು ಓದಬೇಕು ಅಂತಿದ್ದೀನಿ" ಎಂದಳು. ಪತ್ರಿಕೋದ್ಯಮ ಮತ್ತು ಸ್ಟ್ರಾಟೆಜಿಕ್ ಕಮ್ಯುನಿಕೇಷನ್ ಎಂದು ಅದರ ಮೇಲೆ ಅಚ್ಚಾಗಿತ್ತು. "ಎರಡರಲ್ಲಿ ಯಾವುದನ್ನು ಓದುತ್ತೀಯಮ್ಮ?" ಎಂದು ಕೇಳಿದೆವು. "ಎರಡೂ ಒಂದೇ ತಾತ, ಒಂದೇ ಡಿಗ್ರಿ" ಎಂದಳು. ಆ ಉತ್ತರವೇ ಈ ಲೇಖನಕ್ಕೆ ಕಾರಣ. ಮಗುವಿನ ತಪ್ಪು ಇದರಲ್ಲಿಲ್ಲ. ಎರಡನ್ನೂ ಒಂದೇ ಹೊದಿಕೆಯೊಳಗೆ ಕಟ್ಟಿ ಕೊಡುವ ವಿಶ್ವವಿದ್ಯಾಲಯಗಳೊಡನೆ ನಮ್ಮ ಜಗಳ.

ಸ್ಟ್ರಾಟೆಜಿ ಎಂಬುದು ಸೇನಾಪತಿ ಎಂಬರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ ಶಬ್ದ. ಕನ್ನಡದಲ್ಲಿ ಇದನ್ನು ವ್ಯೂಹಾತ್ಮಕ ಸಂವಹನ ಎನ್ನುವವರು ತಿಳಿದೋ ತಿಳಿಯದೆಯೋ ಸತ್ಯವನ್ನೇ ನುಡಿದಿದ್ದಾರೆ. ಒಂದು ಕಂಪನಿ, ಒಂದು ಪಕ್ಷ ಅಥವಾ ಒಂದು ಸರಕಾರ ತನ್ನ ಉದ್ದೇಶ ನೆರವೇರುವುದಕ್ಕಾಗಿ ಯಾರಿಗೆ ಯಾವ ಮಾತನ್ನು ಯಾವಾಗ ಹೇಳಬೇಕು, ಯಾವುದನ್ನು ಹೇಳದೆ ಬಿಡಬೇಕು ಎಂದು ಮೊದಲೇ ಲೆಕ್ಕಹಾಕಿ ನಡೆಸುವ ಕೆಲಸವದು. ಜಾಹೀರಾತು, ಸಾರ್ವಜನಿಕ ಸಂಪರ್ಕ, ಚುನಾವಣಾ ಪ್ರಚಾರಗಳೆಲ್ಲ ಅದರ ಅಂಗಗಳು. ವ್ಯೂಹವೆಂದ ಮೇಲೆ ಎದುರಿಗೊಬ್ಬನು ಇರಲೇಬೇಕು; ಇಲ್ಲಿ ಆ ಎದುರಿನವನು ಓದುಗ. ಅವನಿಗೆ ಒಳಹೋಗುವ ದಾರಿಯನ್ನು ಎಲ್ಲರೂ ತೋರಿಸುತ್ತಾರೆ. ಹೊರಬರುವ ದಾರಿಯನ್ನು ತೋರಿಸಬೇಕಾದವನು ಪತ್ರಕರ್ತ.

ವ್ಯೂಹವನ್ನು ಕಟ್ಟುವುದನ್ನೂ ಭೇದಿಸುವುದನ್ನೂ ಒಬ್ಬನೇ ಕಲಿತರೇನು ಎಂದು ಕೇಳಬಹುದು. ದ್ರೋಣರು ಎರಡನ್ನೂ ಬಲ್ಲವರಾಗಿದ್ದರು. ಆದರೆ ಯುದ್ಧದ ದಿನ ಅವರು ನಿಂತದ್ದು ಯಾರ ಅನ್ನವನ್ನು ಉಂಡಿದ್ದರೋ ಅವರ ಪಕ್ಷದಲ್ಲಿ. ವಿದ್ಯೆ ಎರಡಿದ್ದರೂ ಋಣ ಒಂದೇ ಕಡೆಗೆ ಎಳೆಯುತ್ತದೆ.

ಪತ್ರಿಕೋದ್ಯಮಕ್ಕಾಗಿಯೇ ಒಂದು ಶಾಲೆ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ವಿಲಿಯಮ್ಸ್ ಅವರ ನೇತೃತ್ವದಲ್ಲಿ ಆರಂಭವಾದದ್ದು 1908ರಲ್ಲಿ. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳ ಕೈಕಟ್ಟುವ ಕಾನೂನು ಜಾರಿಗೆ ಬಂತು. ಆಗ ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರೆಂದು ಹೆಸರಾಗಿದ್ದ, ನಾಡು 'ತಾತಯ್ಯ' ಎಂದು ಕರೆದ ಎಂ. ವೆಂಕಟಕೃಷ್ಣಯ್ಯನವರು ಆ ಕಾನೂನಿಗೆ ತಲೆಬಾಗಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅವರಿಗೆ ಪತ್ರಿಕೋದ್ಯಮದ ಪದವಿ ಇರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆ ವಿಷಯದ ಪಾಠ ಆರಂಭವಾದದ್ದೇ 1951ರಲ್ಲಿ. ತಾವು ಯಾರಿಗಾಗಿ ಬರೆಯುತ್ತಿದ್ದೇವೆ ಎಂಬ ಅರಿವು ಮಾತ್ರ ಅವರಿಗಿತ್ತು. ಇಂದು ಮಿಸೌರಿಯ ಅದೇ ಶಾಲೆಯಲ್ಲೂ ವ್ಯೂಹಾತ್ಮಕ ಸಂವಹನ ಒಂದು ಮುಖ್ಯ ವಿಭಾಗವಾಗಿದೆ. ದೊಡ್ಡ ಶಾಲೆ ಮಾಡಿದ್ದನ್ನು ಸಣ್ಣ ಶಾಲೆಗಳು ಅನುಸರಿಸುವುದು ಲೋಕರೂಢಿ.

ಇದೆಲ್ಲ ದೂರದ ಮಾತು ಎನ್ನುವವರು ನಮ್ಮ ಕಂಬಂ ಕಣಿವೆಗೆ ಬರಲಿ. 1895ರಲ್ಲಿ ಪೆನ್ನಿಕ್ವಿಕ್ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರಿನಿಂದ ಈ ಕಣಿವೆಯ 14,707 ಎಕರೆ ಗದ್ದೆಯಲ್ಲಿ ಎರಡು ಬೆಳೆ ಬೆಳೆಯುತ್ತದೆ. 2011ರ ಕೊನೆಯಲ್ಲಿ ಅಣೆಕಟ್ಟು ಒಡೆದೀತೆಂಬ ಭಯ ಬೆಟ್ಟದ ಆಚೆಗೆ, ನೀರು ನಿಂತೀತೆಂಬ ಭಯ ಈಚೆಗೆ. ಡಿಸೆಂಬರಿನಲ್ಲಿ ಕುಮುಳಿಯ ದಾರಿ ಮುಚ್ಚಿತು. ಸಾವಿರಾರು ಜನ ಗಡಿಯತ್ತ ನಡೆದರು. ದಿನವೂ ಜೀಪಿನಲ್ಲಿ ಏಲಕ್ಕಿ ತೋಟಗಳಿಗೆ ಹೋಗಿಬರುತ್ತಿದ್ದ ಕೂಲಿಯವರು ಕೆಲಸವಿಲ್ಲದೆ ಮನೆಯಲ್ಲಿ ಕುಳಿತರು.

ಆಗ ನಮಗೆ ಬೇಕಾಗಿದ್ದದ್ದು ಕೆಲವೇ ಸಂಗತಿಗಳು. 152 ಅಡಿಯಿದ್ದ ನೀರಿನ ಮಟ್ಟವನ್ನು 1979ರಲ್ಲಿ 136 ಅಡಿಗೆ ಇಳಿಸಿದ್ದು ಏಕೆ? ಆಮೇಲೆ ಕಾಂಕ್ರೀಟು ಹೊದಿಸಿ, ಉಕ್ಕಿನ ಹಗ್ಗಗಳನ್ನು ಆಳಕ್ಕೆ ಬಿಗಿದು ಗೋಡೆಯನ್ನು ಬಲಪಡಿಸಿದ್ದರಿಂದ ಆದದ್ದೇನು? ಇವನ್ನು ಒಂದೆಡೆ ಕೂಡಿಸಿ ಶಾಂತವಾಗಿ ಹೇಳಿದ ಒಂದು ಪತ್ರಿಕೆಯೂ ಆ ತಿಂಗಳು ನಮ್ಮ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಘೋಷಣೆಗಳು, ಚಿತ್ರಗಳು, ಭಯ. ಅಣೆಕಟ್ಟು ಸುರಕ್ಷಿತವೆಂದು ನ್ಯಾಯಮೂರ್ತಿ ಎ. ಎಸ್. ಆನಂದ್ ಅವರ ಸಮಿತಿ 2012ರಲ್ಲಿ ವರದಿ ಕೊಟ್ಟಿತು. 142 ಅಡಿಯವರೆಗೆ ನೀರು ನಿಲ್ಲಿಸಬಹುದೆಂದು ಸುಪ್ರೀಂ ಕೋರ್ಟು 2014ರ ಮೇ 7ರಂದು ತೀರ್ಪು ನೀಡಿತು. ಎರಡೂ ಸರಕಾರಗಳ ವಾದವನ್ನು ಮಂಡಿಸಲು ವಕೀಲರಿದ್ದರು. ಏಲಕ್ಕಿ ತೋಟದ ಕೂಲಿಯವಳ ಪರವಾಗಿ ಯಾರು ವ್ಯೂಹ ಕಟ್ಟಿದರು? ಯಾರೂ ಇಲ್ಲ. ಅವಳ ಬಳಿ ಕೊಡಲು ಹಣವಿರಲಿಲ್ಲ.

ನಮ್ಮ ವಾದದ ತಿರುಳು ಇಷ್ಟೆ. ಹಣವುಳ್ಳವನು ಮಾತನ್ನು ಕೊಳ್ಳಬಲ್ಲ. ಹಣವಿಲ್ಲದವನಿಗೆ ಉಳಿದಿರುವುದು ವರದಿಗಾರನೊಬ್ಬನೇ. ಅವನನ್ನೂ ಮಾತಿನ ವ್ಯಾಪಾರಕ್ಕೇ ತರಬೇತುಗೊಳಿಸಿದರೆ ಬಡವನಿಗೆ ಯಾರೂ ಉಳಿಯುವುದಿಲ್ಲ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮ ಕಣಿವೆಯ ಒಕ್ಕಲುಮನೆಗಳ ಕಥೆಯೂ ಇದೇ. ದಿಂಡಿಗಲ್ಲಿನ ಬಳಿಯ ಚಿನ್ನಾಳಪಟ್ಟಿಯ ನೇಕಾರ ಬಂಧುಗಳ ಕಥೆಯೂ ಇದೇ. ಎಳೆಯ ವಯಸ್ಸಿನಲ್ಲಿ ಮೈಸೂರು ಸೀಮೆಗೆ ಹೋಗಿ ಕನ್ನಡದ ಅಕ್ಷರ ಕಲಿತ ನಮ್ಮಂಥ ಕೆಲವರನ್ನು ಬಿಟ್ಟರೆ ಇಲ್ಲಿ ಈ ನುಡಿಯನ್ನು ಬರೆಯಬಲ್ಲವರು ವಿರಳ. ನಮ್ಮ ಸುದ್ದಿಯನ್ನು ಕೊಳ್ಳುವ ಗಿರಾಕಿಯಿಲ್ಲ. ಗಿರಾಕಿಯಿಲ್ಲದಿದ್ದರೂ ಬರೆಯುವವನು ಬೇಕು.

ಪ್ರತಿಪಕ್ಷದ ಮಾತನ್ನೂ ಕೇಳಿದ್ದೇವೆ. ಪತ್ರಿಕೆಗಳಲ್ಲಿ ಸಂಬಳ ಕಡಿಮೆ, ಮಕ್ಕಳು ಹೊಟ್ಟೆಪಾಡು ನೋಡಿಕೊಳ್ಳಬೇಡವೆ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. 1995ರಿಂದ ನಡೆದ ಪೋಲಿಯೊ ಹನಿಯ ಪ್ರಚಾರವೂ ಯೋಜಿತ ಸಂವಹನವೇ ಅಲ್ಲವೆ, ಅದರಿಂದ ದೇಶಕ್ಕೆ ಒಳಿತಾಗಲಿಲ್ಲವೆ ಎನ್ನುತ್ತಾರೆ. ಖಂಡಿತ ಆಯಿತು, ನಾವೂ ಶಾಲೆಯ ಬಾಗಿಲು ತೆರೆದು ಆ ಹನಿ ಹಾಕಿಸಿದವರೇ. ಆದರೆ ಅದು ಸರಕಾರದ ಮಾತೆಂದು ಗೋಡೆಬರಹದ ಮೇಲೆಯೇ ಬರೆದಿತ್ತು. ಪ್ರಚಾರವು ತನ್ನ ಹೆಸರು ಹೇಳಿಕೊಂಡು ಬಂದಾಗ ನಾವು ಅದಕ್ಕೆ ಮಣೆ ಹಾಕುತ್ತೇವೆ. ಸುದ್ದಿಯ ವೇಷದಲ್ಲಿ ಬಂದಾಗ ಬಾಗಿಲು ಹಾಕುತ್ತೇವೆ. 'ಕಾಸಿಗಾಗಿ ಸುದ್ದಿ' ಎಂಬ ಪಿಡುಗಿನ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ವರದಿ ಸಿದ್ಧಪಡಿಸಿತು. ಆ ವರದಿ ಪೂರ್ಣವಾಗಿ ಹೊರಬರಲು ಕೇಂದ್ರ ಮಾಹಿತಿ ಆಯೋಗವೇ 2011ರಲ್ಲಿ ಆದೇಶಿಸಬೇಕಾಯಿತು. ಪತ್ರಿಕೆಗಳ ಮೇಲಿನ ದೂರನ್ನು ಪತ್ರಿಕೆಗಳ ಮಂಡಳಿಯೇ ಬಚ್ಚಿಡುವಂತಾದರೆ ಓದುಗನು ಯಾರನ್ನು ನಂಬಬೇಕು?

ಆದುದರಿಂದ ವಿಶ್ವವಿದ್ಯಾಲಯಗಳಲ್ಲಿ ನಮ್ಮ ಕೇಳಿಕೆ ಮೂರು. ಎರಡು ವಿದ್ಯೆಗಳಿಗೆ ಎರಡು ಬೇರೆ ಪದವಿಗಳಿರಲಿ, ಹೆಸರಿನಲ್ಲೇ ಭೇದ ಕಾಣಲಿ. ಪತ್ರಿಕೋದ್ಯಮದ ವಿದ್ಯಾರ್ಥಿ ಒಂದು ಅವಧಿಯನ್ನಾದರೂ ಹಳ್ಳಿಯೊಂದರಲ್ಲಿ ಕಳೆದು, ಅಲ್ಲಿಯ ಜನರ ಮನೆಮಾತಿನಲ್ಲಿಯೇ ಪ್ರಶ್ನೆ ಕೇಳಲು ಕಲಿಯಲಿ. ಗಡಿಯ ವಿವಾದವೊಂದನ್ನು ಎರಡೂ ಕಡೆಯ ಭಾಷೆಗಳಲ್ಲಿ ಓದಿ, ಒಪ್ಪಿತವಾದ ಸಂಗತಿ ಎಷ್ಟು, ಬರಿಯ ಕೂಗು ಎಷ್ಟು ಎಂದು ಬೇರ್ಪಡಿಸಿ ಬರೆಯುವುದು ಪರೀಕ್ಷೆಯ ಒಂದು ಭಾಗವಾಗಲಿ. ಈ ಸಾಹಿತ್ಯ ಸಮ್ಮೇಳನವು ಇವನ್ನು ನಿರ್ಣಯವಾಗಿ ಅಂಗೀಕರಿಸಬೇಕೆಂದು ಸಂಘದ ಹಿರಿಯರಲ್ಲಿ ನಮ್ಮ ವಿನಂತಿ.

ಮೊಮ್ಮಗಳನ್ನು ನಾವು ತಡೆಯಲಿಲ್ಲ. ಅವಳು ಬೆಂಗಳೂರಿಗೆ ಹೋಗಿದ್ದಾಳೆ. ಹೊರಡುವಾಗ ಎರಡು ನೋಟುಪುಸ್ತಕಗಳನ್ನು ಕೊಟ್ಟು, ಒಂದೊಂದು ಪಾಠಕ್ಕೂ ಒಂದೊಂದನ್ನು ಇಟ್ಟುಕೊಳ್ಳಬೇಕೆಂದೂ ಎಂದೂ ಬೆರೆಸಬಾರದೆಂದೂ ಹೇಳಿದೆವು. ನಕ್ಕಳು, ಆದರೆ ಎರಡನ್ನೂ ಚೀಲದಲ್ಲಿ ಇಟ್ಟುಕೊಂಡಳು. ಮುಂದಿನ ರಜೆಗೆ ಬಂದಾಗ ಯಾವುದರಲ್ಲಿ ಹೆಚ್ಚು ಬರೆದಿದ್ದಾಳೆಂದು ನೋಡುತ್ತೇವೆ.